ಬಾಯಿ ಮುಚ್ಚಿಸಿದ ಸಿನಿಮಾ

ಆಂಟಿ ನಕ್ಕರೆ ಮೊದಲು ಕುಣಿಯುತ್ತಿದ್ದದ್ದು ಅವರ ಎದೆಯ ಮೇಲಿನ ಗಡಿಯಾರ. ನರ್ಸುಗಳು ಸಮವಸ್ತ್ರಕ್ಕೆ ತಲೆಕೆಳಗಾಗಿ ಚುಚ್ಚಿಕೊಳ್ಳುತ್ತಾರಲ್ಲ, ಅಂಥದ್ದು. ನಗು ಹೊಟ್ಟೆಯಿಂದ ಹೊರಟು, ಗಡಿಯಾರವನ್ನು ಅಲುಗಿಸಿ, ಭುಜಕ್ಕೆ ಹತ್ತಿ, ಎಲ್ಲಕ್ಕಿಂತ ಕೊನೆಗೆ ಬಾಯಿಗೆ ಬರುತ್ತಿತ್ತು. ಅಷ್ಟರಲ್ಲಿ ಎದುರಿಗಿದ್ದವರು ಆಗಲೇ ನಕ್ಕು ಮುಗಿಸಿರುತ್ತಿದ್ದರು. ನನ್ನ ಮಗಳಂತೂ ಅದು ಯಾವಾಗ ಅಲುಗಾಡೀತು ಎಂದು ಆ ಗಡಿಯಾರವನ್ನೇ ನೋಡುತ್ತ ಕೂತಿರುತ್ತಿದ್ದಳು. ನನ್ನ ಕೊರಳಲ್ಲೂ ಒಂದು ಐಡಿ ಕಾರ್ಡು ನೇತಾಡುತ್ತಿತ್ತು. ಅದನ್ನು ಯಾರೂ ನೋಡುತ್ತ ಕೂತದ್ದು ನನಗೆ ನೆನಪಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಬರೆಯುತ್ತಿರುವವಳು ಹೊಟ್ಟೆಕಿಚ್ಚಿನವಳು. ಆಂಟಿ ತೀರಿಹೋಗಿದ್ದಾರೆ, ಆದರೂ ಅದು ಪೂರ್ತಿ ಆರಿದೆ ಎಂದು ಹೇಳಲಾರೆ. ಸತ್ತವರ ಬಗ್ಗೆ ಬರೆಯುವಾಗ ಒಳ್ಳೆಯದನ್ನೇ ಬರೆಯಬೇಕಂತೆ. ಅವರ ಬಗ್ಗೆ ಬರೆಯಲು ಒಳ್ಳೆಯದು ಬೇಕಾದಷ್ಟಿದೆ, ನನ್ನ ತೊಂದರೆ ಇರುವುದೇ ಅಲ್ಲಿ.

ನಾವು ನ್ಯೂಜಿಲೆಂಡಿನ ಟೌರಂಗಾಕ್ಕೆ ಬಂದದ್ದು ಎರಡು ಸಾವಿರದ ಹನ್ನೆರಡನೇ ಇಸವಿಯ ಸುಮಾರಿಗೆ. ಆಕ್ಲೆಂಡಿನ ಈಸ್ಟ್ ತಮಾಕಿಯ ಫ್ಯಾಕ್ಟರಿಯೊಂದರಲ್ಲಿ ಇಂಜಿನಿಯರ್ ಆಗಿದ್ದ ನನ್ನವರಿಗೆ ಇಲ್ಲಿ ಕಿವಿಹಣ್ಣು ವಿಂಗಡಿಸುವ ಯಂತ್ರಗಳ ಕೆಲಸ ಸಿಕ್ಕಿತು, ನನಗೆ ಆಸ್ಪತ್ರೆಯ ಲ್ಯಾಬಿನಲ್ಲಿ. ಮಗಳಿಗೆ ಆಗ ಎಂಟು ವರ್ಷ. ನಮ್ಮ ಮನೆ ಮುಂದೆ, ಆಂಟಿಯ ಯೂನಿಟ್ ಹಿಂದೆ, ಎರಡಕ್ಕೂ ಜಲ್ಲಿ ಹಾಸಿದ ಒಂದೇ ಡ್ರೈವ್‌ವೇ. ಅವರದು ಬಾಗಲಕೋಟೆ ಕಡೆ. ಗಂಡ ಬಹಳ ಹಿಂದೆಯೇ ಹೋಗಿದ್ದರು, ಮಕ್ಕಳಿರಲಿಲ್ಲ. ಕೊಲ್ಲಿ ದೇಶದ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ದುಡಿದು, ಐವತ್ತು ದಾಟಿದ ಮೇಲೆ ನ್ಯೂಜಿಲೆಂಡಿಗೆ ಬಂದು, ಒಂದು ವೃದ್ಧಾಶ್ರಮದಲ್ಲಿ ನರ್ಸ್ ಆಗಿದ್ದರು. ಅವರ ಪಾಳಿ ಮೂರಕ್ಕೆ ಮುಗಿಯುತ್ತಿತ್ತು, ಮಗಳ ಶಾಲೆಯೂ ಮೂರಕ್ಕೆ. ನಾನು ಬರುವುದು ಆರಕ್ಕೆ. ನಾನು ಕೇಳುವ ಮೊದಲೇ ಅವರು, ಕೂಸನ್ನು ನಾನು ಕರೆದುಕೊಂಡು ಬರುತ್ತೇನೆ, ನೀನು ನಿಶ್ಚಿಂತೆಯಿಂದ ಕೆಲಸ ಮಾಡು ಎಂದರು. ನಾನು ಕೈ ಮುಗಿದೆ. ಆ ಕೈ ಇಳಿಸುವಷ್ಟರಲ್ಲೇ ಹೊಟ್ಟೆಕಿಚ್ಚು ಶುರುವಾಯಿತು ಅನ್ನಿಸುತ್ತದೆ.

ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಆಡುತ್ತಿರಲಿಲ್ಲ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ. ನಾನೋ ಮೈಸೂರಿನವಳು, ಕನ್ನಡ ಮೇಷ್ಟರ ಮಗಳು. ಅದಕ್ಕೇ ಹಟ ಹಿಡಿದು ಸಮುದಾಯ ಭವನದ ಒಂದು ಕೋಣೆಯಲ್ಲಿ ಭಾನುವಾರದ ಕನ್ನಡ ತರಗತಿ ಶುರುಮಾಡಿದೆ. ಆರು ಮಕ್ಕಳು, ಚಿತ್ರದ ಕಾರ್ಡುಗಳು, ಕೊನೆಗೆ ಬಿಸ್ಕತ್ತು. ಬೇರೆಯವರ ಮಕ್ಕಳು ಅಷ್ಟಿಷ್ಟು ಬಾಯಿ ಬಿಟ್ಟರು. ನನ್ನ ಮಗಳು ಬಿಸ್ಕತ್ತಿಗೆ ಮಾತ್ರ ಬಾಯಿ ಬಿಟ್ಟಳು. ಹಿತ್ತಲ ಗಿಡ ಮದ್ದಲ್ಲ ಎಂದು ನಾನೇ ಸಮಾಧಾನ ಹೇಳಿಕೊಂಡೆ.

ಆಮೇಲೆ ಒಂದು ಸಂಜೆ ಆಂಟಿಯ ಮನೆಯ ಮೆಟ್ಟಿಲ ಮೇಲೆ ನಿಂತಾಗ ಒಳಗಿನಿಂದ ಮಗಳ ದನಿ ಕೇಳಿತು. “ಆಂಟಿ, ನಂಗ ಹಸಿವ್ಯಾಗೈತಿ, ರೊಟ್ಟಿ ಐತೇನು?” ನಾನು ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಹಾಗೇ ನಿಂತೆ. ಎಂಟು ವರ್ಷ ನಾನು ಅನ್ನ ಕಲಸಿ ಬಾಯಿಗಿಟ್ಟರೂ ಬಾರದ ಭಾಷೆ, ಆರು ತಿಂಗಳ ರೊಟ್ಟಿಗೆ ಬಂದಿತ್ತು. ಅದೂ ನನ್ನ ಕನ್ನಡವಲ್ಲ.

ಬಾಗಿಲು ತೆಗೆದಾಗ ನಾನು ದಿನವೂ ಹೇಳುತ್ತಿದ್ದದ್ದು ಒಂದೇ ಮಾತು. “ಬಂದೆ ಕಂದ, ಲೇಟಾಯ್ತಾ?” ದಿನವೂ ಆಗುತ್ತಿದ್ದದ್ದೂ ಒಂದೇ. ಇಬ್ಬರೂ ನನ್ನ ಮುಖ ನೋಡುತ್ತಿದ್ದರು, ಗಡಿಯಾರ ಕುಣಿಯುತ್ತಿತ್ತು, ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಟಿವಿಯಲ್ಲಿ ಯಾವುದೋ ಸಿನಿಮಾ ಮುಗಿದು, ಹೆಸರುಗಳು ಸದ್ದಿಲ್ಲದೆ ಮೇಲೆ ಹೋಗುತ್ತಿರುತ್ತಿದ್ದವು. ಯಾಕೆ ನಗು ಎಂದರೆ ಏನೂ ಇಲ್ಲ ಎನ್ನುತ್ತಿದ್ದರು. ನಾನು ಮನೆಗೆ ಹೋಗಿ ಕನ್ನಡಿ ನೋಡಿಕೊಳ್ಳುತ್ತಿದ್ದೆ. ಕೂದಲು ಸರಿ ಇತ್ತು, ಕಾಲರ್ ಸರಿ ಇತ್ತು. ಹಾಗಾದರೆ ನಗು ಬರುವಂಥದ್ದು ನಾನೇ ಇರಬೇಕು ಅಂದುಕೊಂಡೆ. ಬಂದರಿಗೆ ಹೋಗುವ ಮರದ ದಿಮ್ಮಿಗಳ ಲಾರಿಯ ಹಿಂದೆ ಮುಕ್ಕಾಲು ಗಂಟೆ ತೆವಳಿಕೊಂಡು ಬಂದು, ನನ್ನದೇ ಮಗಳ ನಗುವಿಗೆ ನಾನು ವಸ್ತುವಾಗುವುದು ನನಗೆ ಸಹಿಸಲಾಗಲಿಲ್ಲ.

ಆಂಟಿ ಊರಿಗೆಲ್ಲ ಬೇಕಾದವರಾಗಿದ್ದರು. ಅವರ ಇಂಗ್ಲಿಷು ಮೂರು ಪದಕ್ಕೊಮ್ಮೆ ಮುಗ್ಗರಿಸುತ್ತಿತ್ತು, ಆದರೂ ಎದುರು ಮನೆಯ ನ್ಯೂಜಿಲೆಂಡಿನ ದಂಪತಿ ಅವರ ಬೇಲಿಗೆ ಬಂದು ಒರಗುತ್ತಿದ್ದರು. ನಾನು ವ್ಯಾಕರಣ ತಪ್ಪದೆ ಮಾತಾಡುತ್ತಿದ್ದೆ, ನನ್ನ ಬೇಲಿಗೆ ಯಾರೂ ಒರಗಲಿಲ್ಲ. ಆಂಟಿ ಅನ್ನುತ್ತಿದ್ದರು, “ಮಾತು ತಪ್ಪಿದ್ರ ತಪ್ಪಲಿ ತಂಗಿ, ಮಂದಿ ತಪ್ಪಬಾರದು.” ವೃದ್ಧಾಶ್ರಮದಲ್ಲೂ ಹಾಗೆಯೇ. ಅಲ್ಲಿದ್ದ ಆಸ್ಟ್ರೇಲಿಯಾದ ಅಜ್ಜನೊಬ್ಬ ಒಂದೇ ಒಂದು ಸಿನಿಮಾವನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನಗುತ್ತಿದ್ದನಂತೆ. ಅವನ ಮಕ್ಕಳೂ ಅದನ್ನು ಸಹಿಸಲಾರದೆ ಎದ್ದು ಹೋಗುತ್ತಿದ್ದರಂತೆ. ಆಂಟಿ ಮಾತ್ರ ಪಾಳಿ ಮುಗಿದ ಮೇಲೂ ಹತ್ತು ನಿಮಿಷ ಅವನ ಪಕ್ಕ ಕೂರುತ್ತಿದ್ದರು. “ಅಜ್ಜಗ ಸಿನಿಮಾ ನೋಡಿ ನಗು, ನನಗ ಅಜ್ಜನ್ನ ನೋಡಿ ನಗು,” ಎಂದು ಒಮ್ಮೆ ಹೇಳಿದ್ದರು. ಸಾಯುವ ಮೊದಲು ಅವನು ಆ ಡಿವಿಡಿಯನ್ನು ಇವರಿಗೇ ಕೊಟ್ಟುಹೋದ. ಆ ಮಾತನ್ನು ನಾನು ಅರ್ಧ ಕಿವಿಯಿಂದ ಕೇಳಿ ಮರೆತಿದ್ದೆ.

ಆ ವರ್ಷದ ರಾಜ್ಯೋತ್ಸವಕ್ಕೆ ನನ್ನ ತರಗತಿಯ ಮಕ್ಕಳು ವೇದಿಕೆಯ ಮೇಲೆ ನಾಲ್ಕು ನಾಲ್ಕು ವಾಕ್ಯ ಹೇಳಬೇಕಿತ್ತು. ಮಗಳಿಗೆ ನಾನೇ ಬರೆದುಕೊಟ್ಟಿದ್ದೆ. ‘ನನ್ನ ತಾಯಿಯ ಹೆಸರು ಇಂತಿಂಥದು, ನಮ್ಮ ಭಾಷೆ ಕನ್ನಡ’, ಹೀಗೆ. ಅವಳು ಮೈಕಿನ ಮುಂದೆ ನಿಂತು ಚೀಟಿಯನ್ನು ಮಡಚಿ ಜೇಬಿಗಿಟ್ಟಳು. ಆಮೇಲೆ ಶುರುಮಾಡಿದಳು. ಬಸ್ಯಾ, ಮಲ್ಯಾ ಅನ್ನುವ ಅಣ್ಣತಮ್ಮಂದಿರು, ಅವರ ಗಾಡಿ, ದಾರಿಯಲ್ಲಿ ಹಿಡಿದ ಪೊಲೀಸಪ್ಪ, ಹೀಗೆ ಐದು ನಿಮಿಷ ನಿಲ್ಲಲೇ ಇಲ್ಲ. ಕೊನೆಗೆ ಕೈ ಜೋಡಿಸಿ, “ನಮ್ಮಮ್ಮ ಕೆಟ್ಟ ಚಲೋ ಅದಾಳ” ಎಂದಳು. ಮೈಸೂರು, ಬೆಂಗಳೂರಿನವರೆಲ್ಲ ಗೊಳ್ಳೆಂದು ನಕ್ಕರು. ಹುಬ್ಬಳ್ಳಿಯ ಡಾಕ್ಟರೊಬ್ಬರು ಎದ್ದು ನಿಂತು, ನಮ್ಮ ಕಡೆ ಕೆಟ್ಟ ಅಂದರೆ ಬಹಳ, ಕೆಟ್ಟ ಚಲೋ ಅಂದರೆ ತುಂಬಾ ಒಳ್ಳೆಯವಳು ಎಂದು ಸಭೆಗೆ ತಿಳಿಸಿದರು. ಆಗ ಚಪ್ಪಾಳೆ ಇನ್ನೂ ಜೋರಾಯಿತು.

ಈ ವಿವರಣೆಯನ್ನು ನಾನು ಕಿವಿಯಾರೆ ಕೇಳಿದ್ದೆ ಎನ್ನುವುದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ಊಟದ ಸಾಲಿನಲ್ಲಿ ಎಲ್ಲರೂ ನನ್ನ ಕೈ ಕುಲುಕಿದರು. ಇಲ್ಲಿ ಹುಟ್ಟಿದ ಮಗುವಿಗೆ ಎಷ್ಟು ಚೆನ್ನಾಗಿ ಕಲಿಸಿದ್ದೀರಿ, ನಮಗೂ ಗುಟ್ಟು ಹೇಳಿಕೊಡಿ ಎಂದರು. ಗುಟ್ಟು ಹಿಂದಿನ ಸಾಲಿನಲ್ಲಿ ಕೂತು ಪುಳಿಯೋಗರೆ ತಿನ್ನುತ್ತಿತ್ತು. ನಾನು ಆ ಕಡೆ ಕೈ ತೋರಿಸಲಿಲ್ಲ. ಥ್ಯಾಂಕ್ಸ್ ಎಂದು ಹೇಳಿ ಹೊಗಳಿಕೆಯನ್ನೆಲ್ಲ ಬಾಚಿಕೊಂಡೆ. ಆಂಟಿ ಅದನ್ನು ಕೇಳಿಸಿಕೊಂಡರು, ಕೇಳಿಸಿಕೊಂಡು ತಲೆಯಾಡಿಸಿದರು. ಅವರಿಗೆ ಸಿಟ್ಟು ಬಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ವಾರ ಕಳೆದ ಮೇಲೆ ಮಗಳ ಬ್ಯಾಗಿಗಾಗಿ ಹುಡುಕುವಾಗ ಆಂಟಿಯ ಟಿವಿಯ ಪಕ್ಕ ಆ ಡಿವಿಡಿಯ ಡಬ್ಬಿ ಕಣ್ಣಿಗೆ ಬಿತ್ತು. ಮುಖಪುಟದಲ್ಲಿ ಹೊಟ್ಟೆ ಬಿಟ್ಟ ಇಬ್ಬರು ಗಂಡಸರು ಬರೀ ಚಡ್ಡಿಯಲ್ಲಿ ನಿಂತಿದ್ದರು, ಮೂಲೆಯಲ್ಲಿ ಹದಿನಾರು ದಾಟದವರು ನೋಡಕೂಡದೆಂಬ ಕೆಂಪು ಚೀಟಿ. ಸಿನಿಮಾದ ಹೆಸರು ಹೇಳುವುದಿಲ್ಲ. ನೋಡಿದವರಿಗೆ ಮುಜುಗರ, ನೋಡದವರಿಗೆ ನಷ್ಟವಿಲ್ಲ. ಇದನ್ನೇನಾ ನೋಡೋದು ಎಂದು ಮಗಳನ್ನು ಕೇಳಿದೆ. ಅವಳು ಕಣ್ಣರಳಿಸಿ, “ಹೂಂ. ಕೆಟ್ಟ ನಗು ಬರ್ತೈತಿ” ಎಂದಳು.

ಮನೆಗೆ ಬಂದು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಆಸ್ಟ್ರೇಲಿಯಾದವರೇ ಅದನ್ನು ಉಗಿದು ಉಪ್ಪಿನಕಾಯಿ ಹಾಕಿದ್ದರು. ಹೂಸು, ವಾಂತಿ, ಬೈಗುಳ, ಬೆತ್ತಲೆ ತಿಕ ಬಿಟ್ಟು ಅದರಲ್ಲಿ ಏನೂ ಇಲ್ಲವೆಂದು ಒಬ್ಬೊಬ್ಬರೂ ಒಂದೊಂದು ರೀತಿ ಬರೆದಿದ್ದರು. ಓದುತ್ತ ಹೋದಂತೆ ನನಗೆ ಆದದ್ದು ಆಘಾತವಲ್ಲ, ಸಂತೋಷ. ಕೊನೆಗೂ ಆಂಟಿಯ ಒಂದು ತಪ್ಪು ನನ್ನ ಕೈಗೆ ಸಿಕ್ಕಿತ್ತು. ನನ್ನವರು ಬಂದ ಕೂಡಲೇ, ಕೆಟ್ಟ ಸಿನಿಮಾ ತೋರಿಸ್ತಾರಂತೆ, ಮಗುವೇ ಬಾಯಿಬಿಟ್ಟು ಹೇಳಿತು ಎಂದೆ. ಮಗು ಹೇಳಿದ್ದು ‘ಕೆಟ್ಟ ನಗು’. ನಗುವನ್ನು ಬಿಟ್ಟೆ, ಕೆಟ್ಟ ಅನ್ನುವುದನ್ನು ಇಟ್ಟುಕೊಂಡೆ. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಅದು. ಅವರು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನಬೇಡ, ನೀನು ಆ ಸಿನಿಮಾ ನೋಡಿದ್ದೀಯಾ ಎಂದು ಕೇಳಿದರು. ಡಬ್ಬಿ ನೋಡಿದರೆ ಸಾಕು ಎಂದು ಎದ್ದೆ.

ಮರುದಿನ ಆಂಟಿಯ ಅಡುಗೆಮನೆಯಲ್ಲಿ ನಿಂತು ಕೇಳಿದೆ.

“ಆಂಟಿ, ಇದು ಮಕ್ಕಳಿಗೆ ತೋರಿಸೋ ಸಿನಿಮಾನಾ?”

ಅವರು ಶೇಂಗಾ ಕುಟ್ಟುತ್ತಿದ್ದವರು ಕೈ ನಿಲ್ಲಿಸಿದರು. “ಅಲ್ಲ ತಂಗಿ. ಹೊಲಸ ಐತಿ. ಅದಕ್ಕ ಅದರ ಬಾಯಿ ಮುಚ್ಚಿಸೇನಿ.”

ಏನು ಹಾಗಂದರೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. “ಅದರ ಬಾಯಿ ಮುಚ್ಚಿಸೋ ಬದಲು ನೀವು ಬಾಯಿ ಮುಚ್ಕೊಂಡಿದ್ದಿದ್ರೆ ನನ್ನ ಮಗಳು ಒಳ್ಳೆ ಕನ್ನಡ ಕಲೀತಿದ್ಲು,” ಎಂದೆ.

ಗಡಿಯಾರ ಅಲುಗಲಿಲ್ಲ. ಅವರು ಕೈ ತೊಳೆದು, ಒರೆಸಿಕೊಂಡು, ಮಗಳ ಬ್ಯಾಗಿನ ಜಿಪ್ ಎಳೆದು ನನ್ನ ಕೈಗೆ ಕೊಟ್ಟರು. “ಹಂಗಾದ್ರ ಹಂಗ ಆಗಲವ್ವ,” ಎಂದರು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ, ನನ್ನ ಮಾತು ಎಲ್ಲಿಗೂ ಹೋಗಲಿಲ್ಲ. ಆ ಅಡುಗೆಮನೆಯ ಮುಂದೆ ಹಾದಾಗಲೆಲ್ಲ ನನಗೇ ಕೇಳಿಸುತ್ತಿತ್ತು.

ಮಗಳನ್ನು ಶಾಲೆಯಲ್ಲೇ ಆರರವರೆಗೆ ನೋಡಿಕೊಳ್ಳುವ ವ್ಯವಸ್ಥೆಗೆ ಸೇರಿಸಿದೆ. ಆಂಟಿ ಜಗಳ ಕಾಯಲಿಲ್ಲ. ತಿಂಗಳಿಗೊಮ್ಮೆ ನಮ್ಮ ಬಾಗಿಲ ಹಿಡಿಗೆ ಶೇಂಗಾ ಚಟ್ನಿಯ ಚೀಲ ನೇತುಹಾಕಿರುತ್ತಿದ್ದರು. ಖಾರ ಜಾಸ್ತಿ, ಯಾರು ತಿಂತಾರೆ ಎಂದು ಮನೆಯಲ್ಲಿ ಹೇಳಿ, ಯಾರೂ ಇಲ್ಲದಾಗ ಫ್ರಿಜ್ಜಿನ ಮುಂದೆ ನಿಂತು ನಾನೇ ತಿನ್ನುತ್ತಿದ್ದೆ. ಮಗಳು ಒಂದೆರಡು ವಾರ ಅತ್ತಳು, ಆಮೇಲೆ ಸುಮ್ಮನಾದಳು. ಸುಮ್ಮನಾದದ್ದು ಅವಳೊಬ್ಬಳೇ ಅಲ್ಲ, ಅವಳ ಕನ್ನಡವೂ. ಆಂಟಿಯದು ಹೋಗಿ ನನ್ನದು ಬರುತ್ತದೆ ಎಂದು ಕಾದೆ. ಬರಲಿಲ್ಲ. ಮತ್ತೆ ಮೊದಲಿನ ಹಾಗೆ ಎಲ್ಲಕ್ಕೂ ಇಂಗ್ಲಿಷಿನಲ್ಲಿ ಉತ್ತರ.

ಮುಂದಿನ ವರ್ಷ ಆಂಟಿಗೆ ಕ್ರೈಸ್ಟ್‌ಚರ್ಚಿನಲ್ಲಿ, ಹಾರ್ನ್‌ಬಿ ಹತ್ತಿರ ಕೆಲಸ ಸಿಕ್ಕಿತು. ಹೊರಡುವ ಬೆಳಿಗ್ಗೆ ಡ್ರೈವ್‌ವೇಯಲ್ಲಿ ನನ್ನ ಕೈಗೆ ಒಂದು ಚೀಲ ಕೊಟ್ಟರು. ಶೇಂಗಾ ಹೋಳಿಗೆಯ ಕೆಳಗೆ ಅದೇ ಡಿವಿಡಿ. “ಅಕಿ ಮಾತು ಮರೆತ್ರ ಇದನ್ನ ಹಚ್ಚಿ ಕೊಡು. ನೀನೂ ಒಮ್ಮೆ ಬಾಜೂಕ ಕುಂದರು,” ಎಂದರು. ಎಂಥಾ ಮೊಂಡುತನ ಎಂದು ನನಗೆ ಮೈ ಉರಿಯಿತು. ಹೋಳಿಗೆ ತಿಂದೆವು. ಡಿವಿಡಿಯನ್ನು ಸೂಟ್‌ಕೇಸುಗಳ ಹಿಂದೆ ತುರುಕಿದೆ. ಫೋನ್ ಮಾಡಿ ಒಂದು ಮಾತು ಹೇಳಬೇಕೆಂದು ಎಷ್ಟೋ ಸಲ ಅನ್ನಿಸಿತು. ಪ್ರತಿ ಸಲವೂ ಅವರು ನಗುತ್ತಾ ಫೋನ್ ಎತ್ತುತ್ತಾರೆ, ಒಂದೇ ಮಾತಿಗೆ ನನ್ನನ್ನು ಕ್ಷಮಿಸಿಬಿಡುತ್ತಾರೆ ಎಂದು ಗೊತ್ತಿತ್ತು. ಅದಕ್ಕೇ ಮಾಡಲಿಲ್ಲ.

ಮಗಳಿಗೆ ಹದಿನೈದು ನಡೆಯುತ್ತಿದ್ದಾಗ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಪಾಳಿಯ ನಡುವೆ ಕುಸಿದರಂತೆ, ಹೃದಯ. ಕೆಳಗೆ ಸಮವಸ್ತ್ರದಲ್ಲಿದ್ದ ಅವರ ಫೋಟೋ, ಎದೆಯ ಮೇಲೆ ತಲೆಕೆಳಗಾದ ಗಡಿಯಾರ. ಮಗಳಿಗೆ ತೋರಿಸಿದೆ. ಅವಳು ಅದನ್ನು ಬಹಳ ಹೊತ್ತು ನೋಡಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮುಂದಿನ ಶನಿವಾರ ಅವಳು ನೆಟ್‌ಬಾಲಿಗೆ ಹೋಗಿದ್ದಾಗ ಗ್ಯಾರೇಜಿನಿಂದ ಹಳೆಯ ಪ್ಲೇಯರ್ ತಂದು, ಸೂಟ್‌ಕೇಸುಗಳ ಹಿಂದಿನ ಡಿವಿಡಿ ತೆಗೆದು ಹಾಕಿದೆ. ವಿಮರ್ಶಕರು ಕರುಣೆ ತೋರಿಸಿದ್ದರು ಅಷ್ಟೇ. ಇಬ್ಬರು ಅಣ್ಣತಮ್ಮಂದಿರು ಬಿಯರ್ ಕುಡಿಯುವ ಸ್ಪರ್ಧೆಗೆಂದು ಹಳೇ ವ್ಯಾನಿನಲ್ಲಿ ಸಿಡ್ನಿಗೆ ಹೊರಡುತ್ತಾರೆ. ಮಾತಿಗೆ ಮೂರು ಬೈಗುಳ. ಒಬ್ಬ ವಾಂತಿ ಮಾಡಿದರೆ ಇನ್ನೊಬ್ಬ ಚಡ್ಡಿ ಬಿಚ್ಚುತ್ತಾನೆ. ಇಪ್ಪತ್ತು ನಿಮಿಷ ನೋಡುವಷ್ಟರಲ್ಲಿ ನನ್ನ ಬೆನ್ನು ನೆಟ್ಟಗಾಯಿತು. ನಾನು ಅಂದದ್ದು ಸರಿಯಾಗಿಯೇ ಇತ್ತು. ಹೋದವರ ಮೇಲೆ ಗೆದ್ದೆ ಎಂದು ಖುಷಿಪಡುತ್ತಿದ್ದ ಆ ಹೆಂಗಸನ್ನು ಈಗ ನೆನೆದರೆ ನನಗೇ ಅಸಹ್ಯವಾಗುತ್ತದೆ.

ಮಗಳು ಯಾವಾಗ ಬಂದು ಬಾಗಿಲಲ್ಲಿ ನಿಂತಳೋ ತಿಳಿಯಲಿಲ್ಲ. ಪರದೆ ನೋಡಿದಳು, ನನ್ನನ್ನು ನೋಡಿದಳು. ಹತ್ತಿರ ಬಂದು ರಿಮೋಟ್ ತೆಗೆದುಕೊಂಡು ಸದ್ದು ಪೂರ್ತಿ ನಿಲ್ಲಿಸಿದಳು. ಆಮೇಲೆ ನನ್ನ ಪಕ್ಕ ಕೂತು, ಆರೇಳು ವರ್ಷ ಕೇಳದಿದ್ದ ದನಿಯಲ್ಲಿ ಶುರುಮಾಡಿದಳು.

“ಲೇ ಬಸ್ಯಾ, ಸಾವಿರ ಸಲ ಹೇಳೇನಿ ನಿನಗ, ಗಾಡ್ಯಾಗ ಕುಂತು ಮಿರ್ಚಿಭಜಿ ತಿನಬ್ಯಾಡ ಅಂತ.”

ಅಲ್ಲಿಂದ ಮುಂದೆ ಪರದೆಯ ಮೇಲೆ ಬೇರೆಯೇ ಸಿನಿಮಾ ಓಡಿತು. ಬಸ್ಯಾ ಮಲ್ಯಾ ಕುಡಿಯುತ್ತಿದ್ದದ್ದು ಮಜ್ಜಿಗೆ. ಅವರು ಹೊರಟದ್ದು ಅಕ್ಕನ ಮಗಳ ಮದುವೆಗೆ. ಪೊಲೀಸಪ್ಪ ಕೇಳುತ್ತಿದ್ದದ್ದು ಬುತ್ತಿಯಲ್ಲಿ ನನಗೂ ಪಾಲುಂಟೇ ಎಂದು. ಯಾರೋ ಬಟ್ಟೆ ಬಿಚ್ಚತೊಡಗಿದಾಗ ಮಗಳು ಎದ್ದು ಟಿವಿಗೆ ಬೆನ್ನು ಕೊಟ್ಟು ನಿಂತು, ಇಲ್ಲಿ ಆಂಟಿ ಜಾಹೀರಾತು ಹಾಕುತ್ತಿದ್ದರು ಎಂದು ಹೇಳಿ, ಬಾಗಲಕೋಟೆ ಶೇಂಗಾ ಚಟ್ನಿಯನ್ನು ದೃಶ್ಯ ಮುಗಿಯುವವರೆಗೂ ಕೂಗಿ ಮಾರಿದಳು. ಬಾಯಿ ಮುಚ್ಚಿಸೇನಿ ಅಂದರೆ ಏನೆಂದು ನನಗೆ ಆಗ ತಿಳಿಯಿತು. ಒಂದು ಹೊಲಸು ಬೈಗುಳವೂ ನನ್ನ ಮಗಳ ಕಿವಿಗೆ ಬಿದ್ದಿರಲಿಲ್ಲ.

ಕೊನೆಯ ದೃಶ್ಯ ಬಂತು. ಎಲ್ಲ ಕಳೆದುಕೊಂಡ ಅಣ್ಣತಮ್ಮಂದಿರು ಮನೆಗೆ ಬಂದು ಸೋಫಾದ ಮೇಲೆ ಕುಕ್ಕರಿಸಿದ್ದಾರೆ. ಮುಚ್ಚಿದ ಬಾಗಿಲು ಕಾಣುತ್ತಿದೆ. ಮಗಳು ಅಲ್ಲಿಗೆ ತಂದು ನಿಲ್ಲಿಸಿದಳು. ನನ್ನ ಕಡೆ ತಿರುಗಿ ಒಂದು ಕ್ಷಣ ಕಾದು, ಮತ್ತೆ ಒತ್ತಿದಳು. ಬಾಗಿಲು ತೆರೆದು ಅವರ ತಾಯಿ ಒಳಗೆ ಬಂದಳು. ಬಾಯಲ್ಲಿ ಸಿಗರೇಟು, ತುಟಿ ನೋಡಿದರೇ ಗೊತ್ತಾಗುತ್ತಿತ್ತು, ಮಕ್ಕಳನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಾಳೆ. ಮಗಳ ದನಿ ಬದಲಾಯಿತು. ಬಾಗಲಕೋಟೆ ಹೋಗಿ ಮೈಸೂರು ಬಂತು.

“ಬಂದೆ ಕಂದ, ಲೇಟಾಯ್ತಾ?”

ನಾನು ಅವಳ ಮುಖವನ್ನೇ ನೋಡಿದೆ.

“ಇದು ನೀನಮ್ಮ. ದಿನಾ ಪೂರಾ ಸಿನಿಮಾ ನೋಡ್ತಿರಲಿಲ್ಲ, ಇಷ್ಟು ಮಾತ್ರ ದಿನಾ. ಬಾಗಿಲ ಹತ್ತಿರ ತಂದು ಆಂಟಿ ನಿಲ್ಲಿಸ್ತಿದ್ರು. ಜಲ್ಲಿ ಮ್ಯಾಲ ನಿನ್ನ ಕಾರಿನ ಸಪ್ಪಳ ಕೇಳಿದ ಮ್ಯಾಲ ಹಚ್ಚತಿದ್ರು. ಮೊದಲ ಟಿವಿಯೊಳಗ ಬರ್ತಿದ್ದಿ, ಆಮ್ಯಾಲ ಬಾಗಿಲದಾಗ. ಅದ ಮಾತು, ಅದ ದನಿ.” ರಿಮೋಟನ್ನು ಕೆಳಗಿಟ್ಟಳು. “ನೀನು ಭಾಳ ಲೇಟ್ ಮಾಡಿದ್ರ ನಾ ಅಳತಿದ್ದೆ. ಆಂಟಿ ವಾಚ್ ನೋಡಿ ಅಂತಿದ್ರು, ನಿಮ್ಮವ್ವ ದಾರ್ಯಾಗ ಅದಾಳ, ಆಕಿ ಬರೋತನ ಈ ಸಿನಿಮಾ ಮುಗಿಯೂದಿಲ್ಲ ಅಂತ.”

ನಾನು ಬಾಗಿಲು ತೆಗೆದಾಗ ಅವರಿಬ್ಬರೂ ನಕ್ಕದ್ದು ನನ್ನನ್ನು ನೋಡಿಯೇ. ಅದರಲ್ಲಿ ನನಗೆ ತಪ್ಪು ತಿಳಿದಿರಲಿಲ್ಲ. ಮೂರರಿಂದ ಆರರವರೆಗೆ ಆಂಟಿ ನನ್ನ ಮಗಳನ್ನು ನನ್ನಿಂದ ಕಸಿದುಕೊಳ್ಳುತ್ತಿದ್ದಾರೆ ಎಂದು ನಾನು ಲಾರಿಗಳ ಹಿಂದೆ ಕೂತು ಕುದಿಯುತ್ತಿದ್ದಾಗ, ಅವರು ನನ್ನ ದನಿಯನ್ನು ಕಲಿತು ನನ್ನ ಮಗಳಿಗಾಗಿ ನನ್ನನ್ನೇ ಹಿಡಿದಿಡುತ್ತಿದ್ದರು. ಈ ಋಣಕ್ಕೆ ಹಾರ್ನ್‌ಬಿಗೆ ಒಂದು ಫೋನ್ ಕೂಡ ನಾನು ಮಾಡಲಿಲ್ಲ. ಮಗಳ ಪಕ್ಕದಲ್ಲೇ ಕೂತು ಅತ್ತೆ. ಅಷ್ಟು ಅತ್ತರೂ, ನನ್ನ ದನಿಯನ್ನು ನನಗಿಂತ ಚೆನ್ನಾಗಿ ಬಳಸಿದ್ದು ಅವರೇ ಎಂದು ಒಳಗೆಲ್ಲೋ ಒಂಚೂರು ಚುಚ್ಚಿತು.

ಪರದೆಯ ಮೇಲೆ ಹೆಸರುಗಳು ಸದ್ದಿಲ್ಲದೆ ಮೇಲೆ ಹೋಗುತ್ತಿದ್ದವು. ಕಣ್ಣೊರೆಸಿಕೊಂಡು, ಆಂಟಿ ನನ್ನ ಪಾತ್ರ ಹೇಗೆ ಮಾಡುತ್ತಿದ್ದರು, ಚೆನ್ನಾಗಿತ್ತಾ ಎಂದು ಕೇಳಿದೆ.

“ಕೆಟ್ಟ ಚಲೋ,” ಎಂದಳು ಮಗಳು.

ಈ ಸಲ ನಾನು ಎರಡೂ ಪದ ಇಟ್ಟುಕೊಂಡೆ.